ಸಂಗಮೇಶನ ರಕ್ತದಲ್ಲಿ ಉಳಿದ ಸಾಕ್ಷಿ

ವಿಕಿರಣ ಸುರಕ್ಷತೆಯ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನನ್ನ ಅಣ್ಣ ಸಂಗಮೇಶ ತೀರಿಕೊಂಡ ಹನ್ನೊಂದನೆಯ ದಿನ ನಿಮ್ಮ ಪತ್ರ ಬಂತು. ‘ಕಾರ್ಮಿಕನ ಬ್ಯಾಡ್ಜಿನಲ್ಲಿ ದಾಖಲಾದ ವಿಕಿರಣ ಮಿತಿಯೊಳಗಿದೆ; ಅನಾರೋಗ್ಯಕ್ಕೂ ಕೆಲಸಕ್ಕೂ ಸಂಬಂಧ ಕಂಡುಬಂದಿಲ್ಲ’ ಎಂದಿದ್ದೀರಿ. ಬ್ಯಾಡ್ಜು ಆರೋಗ್ಯವಾಗಿದೆಯೆಂದು ತಿಳಿದು ಸಂತೋಷವಾಯಿತು. ಅದನ್ನು ಧರಿಸಬೇಕಾಗಿದ್ದ ಮನುಷ್ಯನನ್ನು ನೀವು ಒಮ್ಮೆಯಾದರೂ ಏಕೆ ನೋಡಲಿಲ್ಲ?

ನಾನು ಸಹಕಾರನಗರದ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅಣ್ಣ ಅಬ್ಬಿಗೆರೆಯ ಒಂದು ಶೆಡ್ಡಿನಲ್ಲಿ ಪೈಪುಗಳ ಬೆಸುಗೆ ಪರೀಕ್ಷಿಸುತ್ತಿದ್ದ. ಸೀಸದ ಪೆಟ್ಟಿಗೆಯಲ್ಲಿರುವ, ವಿಕಿರಣ ಸೂಸುವ ಇರಿಡಿಯಮ್ ತುಣುಕನ್ನು ಕೊಳವೆಯ ಮೂಲಕ ಹೊರಗೆ ಕಳಿಸಿ, ಎಕ್ಸ್‌-ರೇ ತೆಗೆದ ಹಾಗೆ ಬೆಸುಗೆಯ ಚಿತ್ರ ತೆಗೆದು, ಮತ್ತೆ ಒಳಗೆಳೆದುಕೊಳ್ಳುವ ಕೆಲಸ. ಜೂನ್ ತಿಂಗಳ ಒಂದು ಮಂಗಳವಾರ ಆ ತುಣುಕು ಕೊಳವೆಯಲ್ಲೇ ಸಿಕ್ಕಿಕೊಂಡಿತು. ವಿಕಿರಣ ಅಳೆಯುವ ಮೀಟರ್ ಕೆಟ್ಟು ವಾರವಾಗಿತ್ತು. ಗೊತ್ತಾಗದೆ ಅಣ್ಣ ಆ ಕೊಳವೆಯನ್ನು ಎದೆಗೆ ಆನಿಸಿಕೊಂಡು ಸುತ್ತಿಟ್ಟ. ಮಧ್ಯಾಹ್ನವೇ ವಾಂತಿ ಶುರುವಾಯಿತು.

ಗುರುವಾರ ನನ್ನ ಲ್ಯಾಬಿಗೆ ಬಂದ. “ಏನಿಲ್ಲ ಬಿಡವಾ, ಹೋಟೆಲ್ ಊಟ ಹೊಟ್ಟಿಗೆ ಹತ್ತಿಲ್ಲ” ಅಂದ. ನಾನೇ ರಕ್ತ ತೆಗೆದೆ. ಸೋಂಕಿನಿಂದ ಕಾಯುವ ಲಿಂಫೊಸೈಟ್ ಕಣಗಳು ಎರಡು ಸಾವಿರದ ಆಸುಪಾಸು ಇರಬೇಕಾದಲ್ಲಿ ಐನೂರಿದ್ದವು. ಯಂತ್ರವೇ ಕೆಟ್ಟಿರಬೇಕೆಂದು ರಕ್ತವನ್ನು ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಿದೆ. ಯಂತ್ರ ಸರಿಯಾಗಿಯೇ ಇತ್ತು.

“ಅಣ್ಣಾ, ನಿನ್ನ ಬ್ಯಾಡ್ಜ್ ಎಲ್ಲೈತಿ?”

“ಆಫೀಸ್ ಕಪಾಟಿನ್ಯಾಗ. ರೀಡಿಂಗ್ ಹೆಚ್ಚಾದ್ರ ಮನ್ಯಾಗ ಕೂಡಸ್ತಾರ ಅಂತ ಮ್ಯಾನೇಜರ್ರು ಎಲ್ಲಾರದೂ ಅಲ್ಲೇ ಇಡಸ್ಯಾರ.”

ನಮ್ಮ ಜೀವಕೋಶಗಳಲ್ಲಿ ಡಿಎನ್‌ಎ ದಿನವೂ ಅಲ್ಲಲ್ಲಿ ಕಡಿಯುತ್ತದೆ; ಕೋಶ ಅದನ್ನು ತಾನೇ ದುರಸ್ತಿ ಮಾಡಿಕೊಳ್ಳುತ್ತದೆ. ಆದರೆ ವಿಕಿರಣ ಹೊಕ್ಕು ಅದರ ಎರಡೂ ಎಳೆಗಳು ಒಟ್ಟಿಗೆ ಹತ್ತಾರು ಕಡೆ ಕಡಿದಾಗ ಕೋಶಕ್ಕೆ ದಿಕ್ಕು ತಪ್ಪುತ್ತದೆ. ಸಿಕ್ಕಿದ ತುದಿಗೆ ಸಿಕ್ಕಿದ ತುದಿಯನ್ನು ಜೋಡಿಸುತ್ತದೆ, ಇಲ್ಲವೇ ಸಾಯುತ್ತದೆ. ಅಣ್ಣನ ರಕ್ತವನ್ನು, ಡಿಎನ್‌ಎ ಅಡಕವಾಗಿರುವ ವರ್ಣತಂತುಗಳ ಪರೀಕ್ಷೆಗೆ ಕಳಿಸಿದೆವು. ನೋಡಿದ ಐವತ್ತು ಕಣಗಳಲ್ಲಿ ಇಪ್ಪತ್ತೊಂಬತ್ತರಲ್ಲಿ ವರ್ಣತಂತುಗಳು ಹೀಗೆ ತಪ್ಪಾಗಿ ಅಂಟಿಕೊಂಡಿದ್ದವು. ಆ ವರದಿಯನ್ನು ನಿಮಗೆ ಎರಡು ಸಲ ಕಳಿಸಿದೆ. ಹೋಟೆಲ್ ಊಟ ಇದನ್ನು ಮಾಡುತ್ತದೆಯೇ ಸ್ವಾಮಿ? ಕಪಾಟಿನ ಮಾತು ನಂಬುವ ನಿಮಗೆ ರಕ್ತದ ಮಾತು ಕೇಳಿಸುವುದಿಲ್ಲವೇ?

ಮೂರನೆಯ ವಾರ ಅವನ ಅಸ್ಥಿಮಜ್ಜೆ ಹೊಸ ಕಣಗಳನ್ನು ಮಾಡುವುದನ್ನೇ ನಿಲ್ಲಿಸಿತು. ಆಸ್ಪತ್ರೆಯ ಗಾಜಿನಾಚೆಯಿಂದ ಫೋನಿನಲ್ಲಿ ದಿನವೂ ಕೇಳುತ್ತಿದ್ದ, “ಇವತ್ತು ಕೌಂಟ್ ಎಷ್ಟು ಬಂತವಾ?”

“ಏರಾಕತ್ಯಾವಣ್ಣಾ.”

“ಸುಳ್ಳ ಹೇಳೂ ಮುಂದ ನಿನ್ನ ದನಿ ಸಣ್ಣ ಆಗ್ತದ” ಎಂದು ಒಂದು ದಿನ ನಕ್ಕ. ಅದಾದ ನಾಲ್ಕನೆಯ ದಿನ ಸಾಮಾನ್ಯ ಸೋಂಕೊಂದು ಜ್ವರವಾಗಿ ಬಂದು ಅವನನ್ನು ಮುಗಿಸಿತು. ಮೂವತ್ತಾರು ವರ್ಷದವನು. ಈಗ ಯಾರ ರಕ್ತ ನೋಡಲು ಕುಳಿತರೂ ಕಣಗಳಿಗಿಂತ ಮೊದಲು ನನಗೆ ಅವುಗಳ ನಡುವಿನ ಖಾಲಿ ಜಾಗವೇ ಕಾಣುತ್ತದೆ.

ಈ ಪತ್ರ ಅವನಿಗಾಗಿ ಅಲ್ಲ. ಕಳೆದ ಶನಿವಾರ, ಶೆಡ್ಡಿನಲ್ಲಿ ಅಣ್ಣನ ಜಾಗಕ್ಕೆ ಬಂದವರೊಬ್ಬರು ನನ್ನ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದರು. “ಮೇಡಂ, ನಂದೂ ಒಂಚೂರು ನೋಡ್ಬಿಡಿ. ಹೆಸ್ರು ಮಾತ್ರ ಬರೀಬೇಡಿ ಕಣ್ರೀ, ಎರಡು ಮಕ್ಳಿದಾರೆ.” ಅವರ ಬೆರಳುಗಳು ಕೆಂಪೇರಿದ್ದವು. ನೋಡಿದೆ. ಲಿಂಫೊಸೈಟ್ ಇಳಿಯತೊಡಗಿವೆ. ಹೆಸರು ಬರೆಯಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ನನಗೆ ಪರಿಹಾರ ಬೇಡ, ಸಂತಾಪವೂ ಬೇಡ. ಆ ಶೆಡ್ಡಿಗೆ ಇಂದೇ ಬೀಗ ಹಾಕಿ. ಅಲ್ಲಿ ಈಗ ಕೆಲಸ ಮಾಡುವ ಆರೂ ಜನರ ರಕ್ತವನ್ನು, ವರ್ಣತಂತುಗಳನ್ನು ಈ ವಾರವೇ ಪರೀಕ್ಷಿಸಿ. ಶನಿವಾರ ಬಂದವರಿಗೆ ಇನ್ನೂ ಜ್ವರ ಶುರುವಾಗಿಲ್ಲ.

ಇಂತಿ,
ಇಷ್ಟಾದ ಮೇಲೂ ನಿಮ್ಮನ್ನೇ ಕೇಳುವಷ್ಟು ದಡ್ಡಿಯಾದ,
ರಕ್ಷಾ
ಸಹಕಾರನಗರ, ಬೆಂಗಳೂರು