ಟಾರ್ಚ್ ಹಿಡಿಯುವವಳು

ಅಪ್ಪಾ,

ನೀನು ನೋಡದೇ ಹೋದ ನಿನ್ನ ಅಳಿಯ ಇವತ್ತು ನಿನ್ನನ್ನು ಭೇಟಿಯಾದ! ಅದೂ ಎಲ್ಲಿ, ನಮ್ಮ ಹೊಸ ಮನೆಯ ಸಿಂಕಿನ ಕೆಳಗೆ!

ನಲ್ಲಿ ಸೋರುತ್ತಿತ್ತು. ಅವನು ಸಿಂಕಿನಡಿ ಅಂಗಾತ ಮಲಗಿ, ಫೋನಿನಲ್ಲಿ ಹುಡುಕಿ, ಸಿಕ್ಕಿದ ಬ್ಲಾಗನ್ನು ಜೋರಾಗಿ ಓದತೊಡಗಿದ: "ವಾಷರ್ ಬದಲಿಸುವಾಗ ಮಗಳ ಕೈಗೆ ಟಾರ್ಚ್ ಕೊಡಬೇಡಿ. ನನ್ನವಳು ನಲ್ಲಿಯೊಂದನ್ನು ಬಿಟ್ಟು ಇಡೀ ಪ್ರಪಂಚಕ್ಕೆ ಬೆಳಕು ಬಿಡುತ್ತಾಳೆ. ಆದರೂ ಅವಳಿಲ್ಲದೆ ನಾನು ರಿಪೇರಿಗೆ ಕೂರುವುದಿಲ್ಲ."

"ಯಾರೋ ಲಿಫ್ಟ್ ಮೆಕ್ಯಾನಿಕ್ ಅಂತೆ ಕಣೇ, ರಜಾ ದಿನ ಕೂತು ಬರೀತಿದ್ರಂತೆ. ಎಷ್ಟು ಮಜವಾಗಿದೆ! ಏಯ್, ಟಾರ್ಚ್ ಈ ಕಡೆ ಹಿಡಿಯೇ, ನನ್ನ ಮೂಗೇನು ಸೋರ್ತಿದೆಯಾ?"

ಭಾನುವಾರ ಕಂಪ್ಯೂಟರ್ ಮುಂದೆ ಕೂತು, "ಬಾ ಪುಟ್ಟೀ, ಇದೊಂದು ಓದು" ಎಂದು ನೀನು ಕರೆಯುತ್ತಿದ್ದದ್ದು ಇದಕ್ಕೇ ಅಲ್ಲವಾ?

"ಅವರು ನಮ್ಮಪ್ಪ" ಎಂದೆ. ಅವನು ಗಡಬಡಿಸಿ ಏಳಲು ಹೋಗಿ ಸಿಂಕಿಗೆ ಹಣೆ ಚಚ್ಚಿಕೊಂಡ. ನನಗೆ ನಗು, ಅಳು ಎರಡೂ ಒಟ್ಟಿಗೇ ಬಂತು! ಹಣೆ ಉಜ್ಜಿಕೊಳ್ಳುತ್ತಲೇ, "ಇನ್ನೊಂದ್ಸಲ ಮೊದಲಿಂದ ಓದ್ಲಾ?" ಎಂದ.

ನೀನು ಬರೆದಂತೆಯೇ ಮಾಡಿದೆವು, ನಲ್ಲಿ ಸರಿಹೋಯಿತು. ಈಗ ಟಾರ್ಚ್ ಹಿಡಿದುಕೊಂಡು, ಮನೆಯಲ್ಲಿ ಇನ್ನೇನು ಕೆಟ್ಟಿದೆ ಎಂದು ಹುಡುಕುತ್ತಿದ್ದೇನೆ.

ನಿನ್ನ
ಪುಟ್ಟಿ