ರಿಪೋರ್ಟಿನ ಮೂರನೆಯ ಸಾಲು

ಅಕ್ಕಾ,

ನೀನಿಲ್ಲದೆ ಎಂಟು ತಿಂಗಳಾಯಿತು. ಆದರೂ ಇವತ್ತಿನದನ್ನು ನಿನಗೇ ಹೇಳಬೇಕು ಅನ್ನಿಸಿತು.

ಇಲ್ಲಿ ಕತಾರಿನ ದುಖಾನ್‌ನ ನಮ್ಮ ಕಂಪನಿ ಕ್ಲಿನಿಕ್ಕಿಗೆ ಪುತ್ತೂರಿನ ಸ್ವರ್ಣಲತಾ ಎಂಬ ನರ್ಸ್ ಬಂದಿದ್ದಾರೆ. ನನ್ನ ಚೆಕಪ್ಪಿನ ರಿಪೋರ್ಟ್ ಕೊಡುತ್ತಾ, "ಅಣ್ಣಾ, ಇದರಲ್ಲಿ ಎಂತ ಉಂಟು ಅಂತ ಗೊತ್ತುಂಟಾ?" ಎಂದರು.

"ಇಪ್ಪತ್ತು ವರ್ಷದಿಂದ ಆಫೀಸಲ್ಲಿ ಇಂಗ್ಲಿಷ್ ಓದುವವ ನಾನು."

"ಓದುವುದು ಬೇರೆ. ಕೂತ್ಕೊಳ್ಳಿ."

ಒಂದೊಂದೇ ಸಾಲು ಬಿಡಿಸಿ ಹೇಳಿದರು. ಮೂರನೆಯದು ಕ್ರಿಯಾಟಿನಿನ್. ಕಿಡ್ನಿ ಸೋಸಿ ಹೊರಹಾಕಬೇಕಾದ ಕಸವಂತೆ ಅದು. ರಕ್ತದಲ್ಲಿ ಹೆಚ್ಚಾದರೆ ಕಿಡ್ನಿ ಸೋಲುತ್ತಿರಬಹುದಂತೆ.

"ನಿಮ್ಮದು ಸರಿ ಉಂಟು. ಹೆಚ್ಚಿದ್ರೆ ದಪ್ಪ ಅಕ್ಷರದಲ್ಲಿ ಬರ್ತದೆ. ಆಗ ತಡ ಮಾಡ್ಬಾರ್ದು."

ರೂಮಿಗೆ ಬಂದು, ಹೋದ ವರ್ಷ ನೀನು ವಾಟ್ಸಾಪಿನಲ್ಲಿ ಕಳಿಸಿದ್ದ ನಿನ್ನ ರಿಪೋರ್ಟಿನ ಫೋಟೊ ಹುಡುಕಿದೆ. ಮನೆಯಲ್ಲಿ ಯಾರ ರಿಪೋರ್ಟ್ ಬಂದರೂ ಮೊದಲು ಕತಾರಿನ ಅಣ್ಣುವಿಗೇ, ಅಂದರೆ ನನಗೇ ಅಲ್ಲವಾ ಕಳಿಸುತ್ತಿದ್ದುದು? ದೊಡ್ಡದು ಮಾಡಿ ನೋಡಿದೆ. ಅದರಲ್ಲೂ ಮೂರನೆಯ ಸಾಲು ಕ್ರಿಯಾಟಿನಿನ್. ದಪ್ಪ ಅಕ್ಷರ.

ಅದರ ಕೆಳಗೆ ನಾನು ಹಾಕಿದ ಹೆಬ್ಬೆರಳಿನ ಚಿತ್ರ. ಅದರ ಕೆಳಗೆ ನೀನು ಬರೆದದ್ದು: "ನೀನು ನೋಡಿದೆಯಲ್ಲ, ಸಾಕು. ಇನ್ನು ಡಾಕ್ಟರಿಗೆ ತೋರಿಸುವುದು ಎಂತಕ್ಕೆ?"