ಬೆನ್ನ ಹಿಂದಿನ ಬೆಲ್ಟು

ರೀ,

ಕಾರಿನ ಕಂಪನಿಯವರು ಮತ್ತೆ ಫೋನ್ ಮಾಡಿದ್ರು. ಬ್ರೇಕ್ ಹಾಕಿದರೆ ನಮ್ಮ ಸೀಟ್ ಬೆಲ್ಟುಗಳು ಬಿಗಿ ಹಿಡಿಯೋದಿಲ್ಲವಂತೆ. ಪುಕ್ಕಟೆ ಬದಲಾಯಿಸಿ ಕೊಡ್ತಾರಂತೆ. ಇವತ್ತಾದರೂ ಕಾರು ತಗೊಂಡು ಹೋಗಿ. ಕೀ ಫ್ರಿಜ್ ಮೇಲಿದೆ.

"ನಾನು ಬೆಲ್ಟ್ ಹಾಕದೇ ಇದ್ದದ್ದೇ ಒಳ್ಳೇದಾಯ್ತು" ಅಂತ ಮೆಕ್ಯಾನಿಕ್ ಮುಂದೆ ಬಡಾಯಿ ಕೊಚ್ಚಬೇಡಿ, ನಿನ್ನೆ ನನ್ನ ಮುಂದೆ ಕೊಚ್ಚಿದ್ದು ಸಾಕು. ಕಾರು ಕೀಂ ಕೀಂ ಅನ್ನಬಾರದು ಅಂತ ಬೆನ್ನ ಹಿಂದೆ ಸಿಕ್ಕಿಸಿಟ್ಟಿದ್ದೀರಲ್ಲ ಬೆಲ್ಟು, ಅದನ್ನ ಮನೆಯಲ್ಲೇ ಬಿಚ್ಚಿ ಹೋಗಿ. ಮಾನ ಉಳೀಲಿ.

ಬ್ರೇಕ್ ಹಾಕಿದಾಗಲೆಲ್ಲ ನಾನು ಮುಗ್ಗರಿಸಬಾರದು ಅಂತ ಕೈ ಅಡ್ಡ ಹಿಡೀತೀರಲ್ಲ, ಅದೂ ಬೆಲ್ಟ್ ಹಾಕಿರೋ ನನಗೆ! ವಾಪಸ್ ಬರುವಾಗ ಪಕ್ಕದಲ್ಲಿ ನಾನಿರಲ್ಲ. ಆ ಕೈ ಖಾಲಿ ಇರುತ್ತೆ, ಅದರಿಂದಲೇ ನಿಮ್ಮ ಬೆಲ್ಟು ಎಳೆದು ಹಾಕ್ಕೊಳ್ಳಿ.